ಪಾತ್ರೆ ಮೀರಿದ ಲೆಕ್ಕ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



"ಕಂಪ್ಯೂಟರ್ ಮುಂದೆ ದಿನವೆಲ್ಲ ಕೂತು ಏನಪ್ಪಾ ಮಾಡ್ತೀಯ?" ಎಂದು ಊರಿಗೆ ಬಂದಾಗಲೆಲ್ಲ ಕೇಳುತ್ತೀರಿ. ಇಷ್ಟು ದಿನ ನಕ್ಕು ಜಾರಿಕೊಂಡೆ. ಇವತ್ತು ಒಂದೇ ಕೆಲಸದ ಬಗ್ಗೆ ಹೇಳುತ್ತೇನೆ: ಸಂಖ್ಯೆಯನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಚೆಲ್ಲದಂತೆ ಸುರಿಯುವುದು.

ಕೂಡುವ ಲೆಕ್ಕದಲ್ಲಿ 'ಕೈಲಿ ಒಂದು' ಬರೆಯದಿದ್ದರೆ ನಮ್ಮ ಗಣಿತದ ಮೇಷ್ಟ್ರು ಸುಮ್ಮನೆ ಬಿಡುತ್ತಿರಲಿಲ್ಲ. ಹಾಳೆಯಲ್ಲಿ ಆ ಒಂದನ್ನು ಬರೆಯಲು ಎಡಗಡೆ ಯಾವಾಗಲೂ ಜಾಗ ಇರುತ್ತದೆ. ಕಂಪ್ಯೂಟರಿನಲ್ಲಿ ಇರುವುದಿಲ್ಲ, ಒಂದು ಸಂಖ್ಯೆಗೆ ಇಷ್ಟೇ ಮನೆ ಎಂದು ಮೊದಲೇ ಗೊತ್ತುಮಾಡಿರುತ್ತೇವೆ. ಹಳೆಯ ಬೈಕಿನ ಮೀಟರ್ 99999 ಆದ ಮೇಲೆ 00000ಕ್ಕೆ ಬರುವುದಿಲ್ಲವೇ, ಹಾಗೆ. 16 ಬಿಟ್ಟಿನ ಪಾತ್ರೆಯಲ್ಲಿ 32767ರವರೆಗೆ ಹಿಡಿಸುತ್ತದೆ. ಇನ್ನೊಂದು ಕೂಡಿಸಿದರೆ ಎಷ್ಟೋ ಕಡೆ ಮೈನಸ್ 32768 ಎಂದು ತೋರಿಸುತ್ತದೆ!

ಕೆಲಸಕ್ಕೆ ಸೇರಿದ ಎರಡನೇ ವರ್ಷ ನಾನೇ ಈ ಗುಂಡಿಗೆ ಬಿದ್ದೆ. ಹಣವನ್ನು ಪೈಸೆಯಲ್ಲಿ ಇಡುವ ಪ್ರೋಗ್ರಾಂ, 32 ಬಿಟ್ಟಿನ ಪಾತ್ರೆ. ಅದರಲ್ಲಿ ಹಿಡಿಸುವುದು 2,14,74,836 ರೂಪಾಯಿ 47 ಪೈಸೆ ಮಾತ್ರ. ನಾನು ಪರೀಕ್ಷಿಸಿದ್ದೆಲ್ಲ ಸಾವಿರದ ಲೆಕ್ಕದಲ್ಲಿ. ವರ್ಷದ ಒಟ್ಟು ಮೊತ್ತ ಎರಡೂವರೆ ಕೋಟಿ ಆದಾಗ ಜಮೆ ಇದ್ದದ್ದು ಸಾಲವಾಗಿ ಕಂಡಿತು. ಪುಣ್ಯಕ್ಕೆ ಹೊರಗೆ ಹೋಗುವ ಮೊದಲೇ ಹಿರಿಯರೊಬ್ಬರು ಹಿಡಿದರು. ಬೈಯಲಿಲ್ಲ. ಏರಿಯಾನ್ ರಾಕೆಟ್ಟಿನ ತನಿಖಾ ವರದಿ ಓದು ಎಂದರು.

1996ರ ಜೂನ್ 4. ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದಲ್ಲಿರುವ ಕೂರೂ ಉಡಾವಣಾ ಕೇಂದ್ರ. ಯುರೋಪಿನ ಏರಿಯಾನ್ 5 ರಾಕೆಟ್ಟಿನ ಮೊದಲ ಹಾರಾಟ. ಒಳಗೆ ನಾಲ್ಕು ಕ್ಲಸ್ಟರ್ ಉಪಗ್ರಹಗಳು. ಎಂಜಿನ್ ಹೊತ್ತಿಸಿದ ಸುಮಾರು 40 ಸೆಕೆಂಡಿಗೆ, 3700 ಮೀಟರ್ ಎತ್ತರದಲ್ಲಿ, ದಾರಿ ತಪ್ಪಿ ಚೂರಾಯಿತು.

ಕಾರಣ ಏನು ಗೊತ್ತೇ? ಅಡ್ಡ ದಿಕ್ಕಿನ ವೇಗಕ್ಕೆ ಸಂಬಂಧಿಸಿದ ಒಂದು ಸಂಖ್ಯೆ 64 ಬಿಟ್ಟಿನ ದಶಮಾಂಶ ರೂಪದಲ್ಲಿತ್ತು. ಅದನ್ನು 16 ಬಿಟ್ಟಿನ ಪೂರ್ಣಾಂಕಕ್ಕೆ ಸುರಿಯಲು ಹೋದರು. ಹಿಡಿಸಲಿಲ್ಲ. ಆ ಪ್ರೋಗ್ರಾಂ ಹಳೆಯ ಏರಿಯಾನ್ 4ರದ್ದು. ಅದರಲ್ಲಿ ಆ ಸಂಖ್ಯೆ ಅಷ್ಟು ಬೆಳೆಯುತ್ತಲೇ ಇರಲಿಲ್ಲ. ಹೊಸ ರಾಕೆಟ್ಟಿನ ಅಡ್ಡ ವೇಗ ಐದು ಪಟ್ಟು ಬೇಗ ಏರುತ್ತಿತ್ತು.

ಬರೆದವರು ದಡ್ಡರಲ್ಲ, ಅದನ್ನು ಒತ್ತಿ ಹೇಳಬೇಕು. ಅಪಾಯವಿದ್ದ ಏಳು ಸಂಖ್ಯೆಗಳಲ್ಲಿ ನಾಲ್ಕಕ್ಕೆ ಕಾವಲು ಹಾಕಿದ್ದರು. ಕಂಪ್ಯೂಟರಿನ ಮೇಲೆ 80 ಶೇಕಡಾಕ್ಕಿಂತ ಹೆಚ್ಚು ಹೊರೆ ಬೀಳಬಾರದೆಂದು ಉಳಿದ ಮೂರನ್ನು ಯೋಚಿಸಿಯೇ ಬಿಟ್ಟರು. ಆದರೆ ಯಾಕೆ ಬಿಟ್ಟೆವು ಎಂಬುದು ಆ ಕೋಡಿನಲ್ಲಿ ಎಲ್ಲೂ ಬರೆದಿರಲಿಲ್ಲ. ಎರಡು ಕಂಪ್ಯೂಟರ್ ಇದ್ದವು, ಒಂದು ಕೆಟ್ಟರೆ ಇನ್ನೊಂದು ಎಂದು. ಎರಡರಲ್ಲೂ ಅದೇ ಪ್ರೋಗ್ರಾಂ! ಸೆಕೆಂಡಿನ ಹತ್ತನೇ ಒಂದು ಭಾಗ ಕಳೆಯುವುದರೊಳಗೆ ಎರಡೂ ನಿಂತವು. ನನಗೆ ಹೆಚ್ಚು ಸಂಕಟ ಕೊಟ್ಟ ಸಂಗತಿ ಬೇರೆ. ಏರಿಯಾನ್ 5 ನೆಲ ಬಿಟ್ಟ ಮೇಲೆ ಆ ಲೆಕ್ಕದಿಂದ ಯಾವ ಪ್ರಯೋಜನವೂ ಇರಲಿಲ್ಲ. ಹಳೆಯದರಲ್ಲಿ ಇತ್ತೆಂದು ಇಲ್ಲೂ ಓಡುತ್ತಿತ್ತು, ಅಷ್ಟೆ.

ಅವರು ಬಳಸಿದ ಏಡಾ ಭಾಷೆ ತಪ್ಪನ್ನು ಕಂಡುಹಿಡಿದು ಕೂಗಿತ್ತು. ಕೂಗಿದಾಗ ಏನು ಮಾಡಬೇಕೆಂದು ಬರೆದಿದ್ದು ಒಂದೇ: ಕಂಪ್ಯೂಟರ್ ನಿಲ್ಲಿಸು. ಈಗಿನ ರಸ್ಟ್ ಭಾಷೆಯಲ್ಲಿ ಸಂಖ್ಯೆಯನ್ನು ಕೇಳಿಕೊಂಡು ಸುರಿಯುವ ವಿಧಾನವಿದೆ. ಹಿಡಿಸಿದರೆ ಉತ್ತರ ಕೊಡುತ್ತದೆ, ಇಲ್ಲದಿದ್ದರೆ ಆಗಲಿಲ್ಲ ಎನ್ನುತ್ತದೆ. ಆಗಲಿಲ್ಲ ಎಂದಾಗ ಮುಂದೇನು ಎಂಬುದನ್ನು ಮಾತ್ರ ಯಾವ ಭಾಷೆಯೂ ಹೇಳಿಕೊಡುವುದಿಲ್ಲ, ನಾವೇ ಬರೆಯಬೇಕು.

ನನ್ನ ಪ್ರೋಗ್ರಾಮಿನಲ್ಲಿ ಪಾತ್ರೆಯನ್ನು 64 ಬಿಟ್ಟಿಗೆ ದೊಡ್ಡದು ಮಾಡಿದೆ. ಅದರ ಮೇಲೊಂದು ಸಾಲು ಬರೆದಿಟ್ಟೆ: ಇದರಲ್ಲಿ ಎಷ್ಟು ಹಿಡಿಸುತ್ತದೆ, ಮೀರಿದರೆ ಲೆಕ್ಕ ನಿಲ್ಲಿಸಿ ಯಾರಿಗೆ ತಿಳಿಸಬೇಕು ಎಂದು. ಮಕ್ಕಳಿಗೆ ಪ್ರಶ್ನೆಗಳಿದ್ದರೆ ಊಟದ ಹೊತ್ತಿನಲ್ಲಿ ಕೇಳಬಹುದು, ಇಲ್ಲೇ ಇರುತ್ತೇನೆ.