ಮಡಿಲ ಕೂಸಿನ ವಿಮಾನಯಾನ

ವಿಮಾನ ನೆಲ ಬಿಡುವ ಮುನ್ನ ಅದರೊಳಗೆ ಒಂದು ಶಾಸ್ತ್ರ ನಡೆಯುತ್ತದೆ. ಗಗನಸಖಿಯರು ಸಾಲು ಸಾಲಾಗಿ ನೋಡುತ್ತ ಬರುತ್ತಾರೆ. ಕೈಚೀಲ ಮುಂದಿನ ಆಸನದ ಕೆಳಗೆ ಹೋಗಬೇಕು, ಊಟದ ಹಲಗೆ ಮಡಚಬೇಕು, ಕಾಫಿಯ ಪಾತ್ರೆಗೂ ಊಟದ ಗಾಡಿಗೂ ಚಿಲಕ ಬೀಳಬೇಕು. ಪ್ರಯಾಣಿಕರೆಲ್ಲ ಸೊಂಟಕ್ಕೆ ಪಟ್ಟಿ ಬಿಗಿದುಕೊಳ್ಳಬೇಕು. ಮಗುವನ್ನು ಕೂರಿಸಿಕೊಂಡು ಬಂದ ತಳ್ಳುಗಾಡಿಯನ್ನು ವಿಮಾನದ ಬಾಗಿಲಲ್ಲೇ ಪಡೆದು ಸರಕಿನ ಕೋಣೆಗೆ ಸಾಗಿಸಿರುತ್ತಾರೆ. ಇಷ್ಟೆಲ್ಲ ಆದ ಮೇಲೆ ಅಮೆರಿಕದ ವಿಮಾನಗಳಲ್ಲಿ ಕಟ್ಟದೆ ಉಳಿಯಬಹುದಾದದ್ದು ಒಂದೇ ಒಂದು: ಎರಡು ವರ್ಷ ತುಂಬದ ಕೂಸು. ಅದನ್ನು ದೊಡ್ಡವರು ಮಡಿಲಲ್ಲಿ ಹಿಡಿದುಕೊಂಡರೆ ಸಾಕು ಎನ್ನುತ್ತದೆ ಅಲ್ಲಿನ ನಿಯಮ.

ಅದೇ ದೇಶದ ರಸ್ತೆಯಲ್ಲಿ ಅದೇ ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ಕಾರು ಓಡಿಸಿದರೆ ದಂಡ ಬೀಳುತ್ತದೆ. ನೆಲದ ಮೇಲೆ ಅಪರಾಧವಾದದ್ದು ಆಕಾಶದಲ್ಲಿ ಸರಿ ಎನ್ನಿಸಿಕೊಳ್ಳುವುದು ಹೇಗೆ? ಇದರ ಹಿಂದೆ ಒಂದು ಚರಿತ್ರೆ ಇದೆ, ಒಂದು ಲೆಕ್ಕಾಚಾರವೂ ಇದೆ. ಎರಡನ್ನೂ ತಿಳಿದುಕೊಂಡರೆ ಪುಟ್ಟ ಮಗುವಿನೊಡನೆ ಪ್ರಯಾಣ ಹೊರಡುವವರಿಗೆ ಪ್ರಯೋಜನವಾದೀತು.

ಮೊದಲು ತಳ್ಳುಗಾಡಿಯ ಕಥೆ. ಇಂಗ್ಲೆಂಡಿನ ವಿನ್ಯಾಸಕಾರ ವಿಲಿಯಂ ಕೆಂಟ್ 1733ರಲ್ಲಿ ಡೆವನ್‌ಶೈರ್ ಡ್ಯೂಕನ ಮಕ್ಕಳಿಗಾಗಿ ಒಂದು ಪುಟ್ಟ ಬಂಡಿ ಮಾಡಿಕೊಟ್ಟ. ಅದು ಮೇಕೆಯೋ ಕುದುರೆಮರಿಯೋ ಎಳೆಯುವ ಗಾಡಿ. ಮುಂದೆ ವಿಕ್ಟೋರಿಯಾ ರಾಣಿಯ ಕಾಲಕ್ಕೆ ಕೈಯಲ್ಲಿ ತಳ್ಳುವ ಗಾಡಿಗಳು ಬಂದವು. ಆದರೆ ಅವು ದೊಡ್ಡ ಚಕ್ರದ, ಭಾರದ, ಉದ್ಯಾನದಲ್ಲಿ ಸುತ್ತಾಡಲಷ್ಟೇ ತಕ್ಕ ಸಾಮಾನು. ಅವನ್ನು ಬಸ್ಸಿಗೆ ಹತ್ತಿಸುವುದೇ ಕಷ್ಟ. ವಿಮಾನದ ಮಾತು ದೂರ.

ಈ ತೊಡಕನ್ನು ಬಿಡಿಸಿದವರು ವಿಮಾನ ಶಾಸ್ತ್ರ ಬಲ್ಲ ಒಬ್ಬ ತಾತ. ಓವೆನ್ ಮೆಕ್ಲಾರೆನ್ ಎಂಬ ಈ ಬ್ರಿಟಿಷ್ ಎಂಜಿನಿಯರ್ ಸ್ಪಿಟ್‌ಫೈರ್ ಯುದ್ಧವಿಮಾನದ ಚಕ್ರಪಾದಗಳ ಕೆಲಸದಲ್ಲಿ ಪಾಲ್ಗೊಂಡಿದ್ದವರು. ಮಾಸ್ಕೋದಿಂದ ವಿಮಾನದಲ್ಲಿ ಬಂದ ಮಗಳು ಮೊಮ್ಮಗುವಿನ ಭಾರೀ ಗಾಡಿಯೊಡನೆ ಪಟ್ಟ ಪಾಡನ್ನು ಕಂಡು ಅವರು ಈ ಕೆಲಸಕ್ಕೆ ಕೈಹಾಕಿದರೆಂದು ಹೇಳುತ್ತಾರೆ. ಹಾರುವಾಗ ಮಡಚಿಕೊಂಡು, ಇಳಿಯುವಾಗ ಬಿಚ್ಚಿಕೊಂಡು ಭಾರ ಹೊರುವ ವಿಮಾನದ ಕಾಲು ಅವರಿಗೆ ಚಿರಪರಿಚಿತ. ಆ ತಿಳಿವಳಿಕೆಯಿಂದಲೇ ಅಲ್ಯೂಮಿನಿಯಂ ಕೊಳವೆಗಳಿಂದ ಛತ್ರಿಯಂತೆ ಮಡಚುವ ಗಾಡಿಯೊಂದನ್ನು ರೂಪಿಸಿ 1965ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. ಅದರ ತೂಕ ಮೂರು ಕಿಲೋಗಿಂತಲೂ ಕಡಿಮೆ. 1967ರಲ್ಲಿ ಅದು ಮಾರಾಟಕ್ಕೆ ಬಂತು. ಒಂದು ಕೈಯಲ್ಲಿ ಮಗು, ಇನ್ನೊಂದು ಕೈಯಲ್ಲಿ ಗಾಡಿ ಹಿಡಿದು ತಾಯಿಯೊಬ್ಬಳೇ ಮೆಟ್ಟಿಲು ಹತ್ತುವುದು ಸಾಧ್ಯವಾಯಿತು.

ಕಾರ್ ಸೀಟಿನ ಮೂಲವೂ ಮೇಲೇ ಇದೆ. 1930ರ ದಶಕದಲ್ಲಿ ಅಮೆರಿಕದಲ್ಲಿ ಮಾರುತ್ತಿದ್ದ ಮಕ್ಕಳ ಆಸನಗಳ ಉದ್ದೇಶ ರಕ್ಷಣೆಯಲ್ಲ. ಮಗು ಎತ್ತರದಲ್ಲಿ ಕುಳಿತು ಕಿಟಕಿಯಾಚೆ ನೋಡಲಿ, ಗಲಾಟೆ ಮಾಡದಿರಲಿ ಎಂಬುದಷ್ಟೇ. 1960ರ ದಶಕದಲ್ಲಿ ಸ್ವೀಡನ್ನಿನ ಪ್ರಾಧ್ಯಾಪಕ ಬರ್ಟಿಲ್ ಆಲ್ಡ್‌ಮನ್ ಬೇರೆ ದಾರಿ ಹಿಡಿದರು. ಅಮೆರಿಕದ ಜೆಮಿನಿ ಗಗನನೌಕೆಯಲ್ಲಿ ಯಾತ್ರಿಗಳು ಬೆನ್ನಿಗೆ ಒಗ್ಗುವ ಆಸನದಲ್ಲಿ ಒರಗಿ, ನೌಕೆಯ ಅಪಾರ ಒತ್ತಡವನ್ನು ಇಡೀ ಬೆನ್ನಿನಿಂದ ತಾಳಿಕೊಳ್ಳುವುದನ್ನು ಅವರು ಗಮನಿಸಿದ್ದರು. ಎಳೆಯ ಮಗುವಿನ ತಲೆ ದೊಡ್ಡದು, ಕತ್ತು ಮೆತ್ತಗೆ. ಅದನ್ನು ಕಾರಿನ ಹಿಂಬದಿಗೆ ಮುಖಮಾಡಿ ಕೂರಿಸಿದರೆ, ಡಿಕ್ಕಿಯ ಹೊಡೆತವನ್ನು ಕತ್ತಿನ ಬದಲು ಬೆನ್ನೂ ಆಸನವೂ ಹಂಚಿಕೊಳ್ಳುತ್ತವೆ. ಹಿಮ್ಮುಖ ಆಸನದ ತತ್ತ್ವ ಇಷ್ಟೇ. ಇಂದಿಗೂ ಅದು ಬದಲಾಗಿಲ್ಲ.

ಆಸನ ಬಂದ ಮೇಲೂ ಕಾನೂನು ಬರಲು ಹೊತ್ತು ಹಿಡಿಯಿತು. ಅಮೆರಿಕದಲ್ಲಿ ಮೊದಲು ಕಾನೂನು ಮಾಡಿದ್ದು ಟೆನೆಸಿ ರಾಜ್ಯ. ಮಕ್ಕಳ ವೈದ್ಯ ರಾಬರ್ಟ್ ಸ್ಯಾಂಡರ್ಸ್ ಅವರ ಛಲದಿಂದ 1977ರಲ್ಲಿ ಅಂಗೀಕಾರವಾಗಿ 1978ರಲ್ಲಿ ಅದು ಜಾರಿಯಾಯಿತು. ಆ ಕಾನೂನಿನಲ್ಲೂ ಒಂದು ಕಿಂಡಿ ಉಳಿದಿತ್ತು: ಹಿರಿಯರು ಮಗುವನ್ನು ತೋಳಲ್ಲಿ ಹಿಡಿದುಕೊಂಡಿದ್ದರೆ ಆಸನ ಬೇಡ. ಅಪಘಾತದಲ್ಲಿ ಹಿರಿಯರ ಮೈಯೇ ಮಗುವನ್ನು ಜಜ್ಜುತ್ತದೆ ಎಂದು ವೈದ್ಯರು ಬಿಡದೆ ವಾದಿಸಿದರು. 1981ರಲ್ಲಿ ಕಿಂಡಿ ಮುಚ್ಚಿತು. 1985ರ ಹೊತ್ತಿಗೆ ಐವತ್ತೂ ರಾಜ್ಯಗಳಲ್ಲಿ ಇಂಥ ಕಾನೂನು ಬಂದಿತ್ತು.

ರಸ್ತೆಯಲ್ಲಿ ಮುಚ್ಚಿದ ಆ ಕಿಂಡಿ ವಿಮಾನದಲ್ಲಿ ಮಾತ್ರ ತೆರೆದೇ ಉಳಿಯಿತು. ಮಡಿಲು ಮಗುವಿಗೆ ಅತ್ಯಂತ ಭದ್ರವಾದ ಜಾಗ ಎಂಬುದು ಎಲ್ಲ ನಾಡಿನ ನಂಬಿಕೆ. ವಾತ್ಸಲ್ಯದ ಮಟ್ಟಿಗೆ ಅದು ನಿಜ. ಭೌತಶಾಸ್ತ್ರಕ್ಕೆ ವಾತ್ಸಲ್ಯ ತಿಳಿಯದು. ಹತ್ತು ಕಿಲೋ ತೂಗುವ ಮಗು ಗುರುತ್ವದ ಒಂಬತ್ತು ಪಟ್ಟು ಬಲಕ್ಕೆ ಸಿಕ್ಕಿದರೆ ಆ ಕ್ಷಣಕ್ಕೆ ತೊಂಬತ್ತು ಕಿಲೋ ಭಾರವಾಗುತ್ತದೆ. ಹೆಚ್ಚುಕಡಿಮೆ ಒಂದು ಕ್ವಿಂಟಲ್ ಮೂಟೆ. ಅಂಥ ಮೂಟೆ ಹಠಾತ್ತನೆ ಮುಂದಕ್ಕೆ ಚಿಮ್ಮಿದಾಗ ತಡೆದು ಹಿಡಿಯುವ ತೋಳು ಯಾವ ತಾಯಿಗೂ ಇಲ್ಲ.

ಇದು ಬರೀ ಲೆಕ್ಕವಲ್ಲವೆಂದು 1989ರ ಜುಲೈ 19ರಂದು ಜಗತ್ತಿಗೆ ತಿಳಿಯಿತು. ಡೆನ್ವರ್‌ನಿಂದ ಷಿಕಾಗೋಗೆ ಹೊರಟಿದ್ದ ಯುನೈಟೆಡ್ ಏರ್‌ಲೈನ್ಸಿನ 232ನೇ ವಿಮಾನದ ಬಾಲದ ಎಂಜಿನ್ ಸಿಡಿದು, ನಿಯಂತ್ರಣ ವ್ಯವಸ್ಥೆಯ ದ್ರವವೆಲ್ಲ ಸೋರಿಹೋಯಿತು. ಉಳಿದೆರಡು ಎಂಜಿನ್‌ಗಳ ವೇಗವನ್ನು ಏರಿಸಿ ಇಳಿಸಿಯೇ ಕ್ಯಾಪ್ಟನ್ ಆಲ್ ಹೇನ್ಸ್ ಮತ್ತು ಸಂಗಡಿಗರು ಮುಕ್ಕಾಲು ಗಂಟೆಯಷ್ಟು ಹೊತ್ತು ಹೆಣಗಿ ಅಯೋವಾದ ಸೂ ಸಿಟಿಗೆ ವಿಮಾನವನ್ನು ತಂದರು. 296 ಜನರಲ್ಲಿ 184 ಮಂದಿ ಬದುಕಿದ್ದು ಪವಾಡವೆಂದೇ ಹೆಸರಾಯಿತು.

ಆ ವಿಮಾನದಲ್ಲಿ ನಾಲ್ಕು ಮಡಿಲ ಕೂಸುಗಳಿದ್ದವು. ಮುಖ್ಯ ಗಗನಸಖಿ ಜ್ಯಾನ್ ಬ್ರೌನ್ ಆ ಕಾಲದ ಕೈಪಿಡಿ ಹೇಳಿದಂತೆಯೇ ಸೂಚನೆ ಕೊಟ್ಟರು: ಮಗುವಿಗೆ ಕಂಬಳಿ, ದಿಂಬು ಸುತ್ತಿ ಕಾಲ ಬಳಿ ನೆಲದ ಮೇಲೆ ಮಲಗಿಸಿ, ಹಿಡಿದುಕೊಳ್ಳಿ. ವಿಮಾನ ನೆಲಕ್ಕಪ್ಪಳಿಸಿದಾಗ ಹಿಡಿತ ಉಳಿಯಲಿಲ್ಲ. ಒಂದು ಹಸುಳೆ ಹಾರಿಹೋಗಿ ಸಾಮಾನಿಡುವ ಗೂಡಿನಲ್ಲಿ ಸಿಕ್ಕಿಕೊಂಡಿತ್ತು. ಅಳು ಕೇಳಿದ ಪ್ರಯಾಣಿಕರೊಬ್ಬರು ಹೊಗೆಯೊಳಗೆ ಮರಳಿ ನುಗ್ಗಿ ಅದನ್ನು ಎತ್ತಿ ತಂದರು. ಎರಡು ವರ್ಷ ತುಂಬಲಿದ್ದ ಇನ್ನೊಂದು ಗಂಡುಮಗು ಹೊಗೆಗೆ ಸಿಕ್ಕಿ ತೀರಿಕೊಂಡಿತು. ಅದನ್ನು ಹುಡುಕಿ ಮತ್ತೆ ಒಳಗೆ ಹೊರಟಿದ್ದ ತಾಯಿಯನ್ನು ತಡೆದವರು ಜ್ಯಾನ್ ಬ್ರೌನ್ ಅವರೇ. ನೀವು ಹೇಳಿದಂತೆಯೇ ಮಾಡಿದೆನಲ್ಲ ಎಂಬ ಆ ತಾಯಿಯ ಮಾತು ಅವರನ್ನು ಬಿಡಲಿಲ್ಲ. ಮುಂದಿನ ಹಲವು ದಶಕ ಅವರು ಒಂದೇ ಬೇಡಿಕೆಯನ್ನು ಅಧಿಕಾರಿಗಳ ಮುಂದೆ, ಸಂಸದರ ಮುಂದೆ ಇಟ್ಟರು: ವಿಮಾನದಲ್ಲಿ ಪ್ರತಿ ಮಗುವಿಗೂ ಅದರದೇ ಆಸನ, ಅದರದೇ ಪಟ್ಟಿ ಇರಲಿ.

ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ 1990ರಲ್ಲಿ ಅದನ್ನೇ ಶಿಫಾರಸು ಮಾಡಿತು. ಆದರೆ ಮಂಡಳಿ ಸಲಹೆ ಕೊಡಬಲ್ಲದು. ನಿಯಮ ಮಾಡಬೇಕಾದ್ದು ವಿಮಾನಯಾನ ಆಡಳಿತ. ಅದು ಅರ್ಧ ದಾರಿ ಬಂತು. ಮಗುವಿಗೆ ಟಿಕೇಟು ಕೊಂಡು ಮಾನ್ಯತೆ ಪಡೆದ ಕಾರ್ ಸೀಟ್ ತಂದರೆ ವಿಮಾನ ಸಂಸ್ಥೆ ಬೇಡವೆನ್ನುವಂತಿಲ್ಲ ಎಂದು 1992ರಲ್ಲಿ ಹೇಳಿತು. ಕಡ್ಡಾಯವೆನ್ನಲಿಲ್ಲ. 1994ರಲ್ಲಿ ಷಾರ್ಲೆಟ್ ನಗರದ ಬಳಿ ವಿಮಾನವೊಂದು ಬಿರುಗಾಳಿ ಮಳೆಗೆ ಸಿಕ್ಕಿ ಬಿದ್ದಾಗ ಒಂಬತ್ತು ತಿಂಗಳ ಕೂಸು ತಾಯಿಯ ಕೈಯಿಂದ ಜಾರಿ ಸತ್ತಿತು, ತಾಯಿ ಉಳಿದಳು.

ಹಾಗಾದರೆ ಆಡಳಿತಕ್ಕೆ ಕರುಣೆ ಇಲ್ಲವೆ? ಅದರ ವಾದವನ್ನೂ ಕೇಳಬೇಕು. ಆಸನ ಕಡ್ಡಾಯವಾದರೆ ಮಗುವಿಗೂ ಟಿಕೇಟು ಕೊಳ್ಳಬೇಕು. ಆ ಖರ್ಚು ತಾಳಲಾರದ ಕೆಲವು ಕುಟುಂಬಗಳು ವಿಮಾನ ಬಿಟ್ಟು ಕಾರು ಹತ್ತುತ್ತವೆ. ವಿಮಾನಕ್ಕಿಂತ ರಸ್ತೆ ಎಷ್ಟೋ ಪಾಲು ಅಪಾಯಕಾರಿ. ಆಗ ಆಕಾಶದಲ್ಲಿ ಉಳಿಯುವ ಜೀವಗಳಿಗಿಂತ ನೆಲದಲ್ಲಿ ಹೋಗುವ ಜೀವಗಳೇ ಹೆಚ್ಚಾದೀತು. 2003ರಲ್ಲಿ ಮಕ್ಕಳ ವೈದ್ಯರ ತಂಡವೊಂದು ಪ್ರಕಟಿಸಿದ ಅಧ್ಯಯನವೂ ಹೀಗೇ ಹೇಳಿತು. ಕಡ್ಡಾಯ ಮಾಡಿದರೆ ವರ್ಷಕ್ಕೆ ಸರಾಸರಿ ಉಳಿಯುವುದು 0.4 ಜೀವ, ನೂರಕ್ಕೆ ಐದರಿಂದ ಹತ್ತರಷ್ಟು ಕುಟುಂಬಗಳು ರಸ್ತೆಗಿಳಿದರೂ ಲಾಭವೆಲ್ಲ ಕರಗಿ ನಷ್ಟವಾಗುತ್ತದೆ. 2005ರಲ್ಲಿ ಆಡಳಿತ ನಿಯಮದ ಪ್ರಸ್ತಾಪವನ್ನೇ ಕೈಬಿಟ್ಟಿತು. ಸುರಕ್ಷತಾ ಮಂಡಳಿ ಈ ಲೆಕ್ಕವನ್ನು ಒಪ್ಪಲಿಲ್ಲ.

ವಿಚಿತ್ರವೆಂದರೆ, ಕಡ್ಡಾಯ ಮಾಡದ ಅದೇ ಆಡಳಿತ ತಾಯಿತಂದೆಯರಿಗೆ ಕೊಡುವ ಸಲಹೆ ಬೇರೆ: ಮಗುವಿಗೆ ಸುರಕ್ಷಿತ ಜಾಗ ಮಡಿಲಲ್ಲ, ಮಾನ್ಯತೆ ಪಡೆದ ಆಸನ. ಯುರೋಪಿನಲ್ಲಿ ಇನ್ನೊಂದು ಪದ್ಧತಿ ಇದೆ. ಅಲ್ಲಿ ಮಡಿಲ ಕೂಸಿಗೆ ದೊಡ್ಡವರ ಪಟ್ಟಿಗೆ ಪೋಣಿಸಿದ ಕುಣಿಕೆ ಪಟ್ಟಿ ಹಾಕುತ್ತಾರೆ. ಭಾರತದಿಂದ ಹೊರಡುವ ವಿಮಾನಗಳಲ್ಲೂ ಇದನ್ನು ಕಾಣಬಹುದು. ಮಗು ಹಾರಿಹೋಗದಂತೆ ಅದು ತಡೆಯುತ್ತದೆ, ನಿಜ. ಆದರೆ ದೊಡ್ಡವರ ಮೈ ಮುಂದಕ್ಕೆ ಬಾಗಿದಾಗ ನಡುವೆ ಸಿಕ್ಕ ಮಗು ನಜ್ಜಾಗುತ್ತದೆ ಎಂಬ ಕಾರಣಕ್ಕೆ ಏರುವಾಗ, ಇಳಿಯುವಾಗ ಅದನ್ನು ಬಳಸಲು ಅಮೆರಿಕ ಬಿಡುವುದಿಲ್ಲ.

ಪ್ರಶ್ನೆ ಹಳೆಯದಾಯಿತು ಎನ್ನುವಾಗಲೇ 2024ರ ಜನವರಿ 5ರಂದು ಪೋರ್ಟ್‌ಲೆಂಡಿನಿಂದ ಮೇಲೇರಿದ ಅಲಾಸ್ಕಾ ಏರ್‌ಲೈನ್ಸ್ ವಿಮಾನದ ಪಕ್ಕೆಯ ಬಾಗಿಲು ಗಾತ್ರದ ಫಲಕ ಕಿತ್ತು ಹಾರಿತು. ಅದರಲ್ಲಿ ಮೂರು ಮಡಿಲ ಕೂಸುಗಳಿದ್ದವು. ಆ ತೂತಿನ ಪಕ್ಕದ ಆಸನ ಅಂದು ಖಾಲಿಯಿತ್ತು. ಮೂರೂ ಮಕ್ಕಳು ಉಳಿದವು.

ಇನ್ನು ಹೊರಡುವವರಿಗೆ ನಾಲ್ಕು ಮಾತು. ಮಗುವಿಗೆ ಟಿಕೇಟು ಕೊಳ್ಳಲು ಶಕ್ತಿಯಿದ್ದರೆ ಕಾರ್ ಸೀಟನ್ನು ವಿಮಾನದೊಳಗೇ ಒಯ್ಯುವುದು ಒಳ್ಳೆಯದು. ಅಮೆರಿಕದಲ್ಲಿ ತಯಾರಾದ ಆಸನದ ಮೇಲೆ, ಅದು ಮೋಟಾರು ವಾಹನಕ್ಕೂ ವಿಮಾನಕ್ಕೂ ಯೋಗ್ಯ ಎಂದು ಕೆಂಪಕ್ಷರದಲ್ಲಿ ಮುದ್ರಿಸಿದ ಚೀಟಿ ಇದೆಯೇ ನೋಡಬೇಕು. ಅಗಲ ಹದಿನಾರು ಅಂಗುಲದೊಳಗಿದ್ದರೆ ಬಹುತೇಕ ವಿಮಾನಗಳಲ್ಲಿ ಕೂರುತ್ತದೆ. ಬೇರೆಯವರ ದಾರಿಗೆ ಅಡ್ಡವಾಗದಂತೆ ಅದನ್ನು ಸಾಮಾನ್ಯವಾಗಿ ಕಿಟಕಿಯ ಬಳಿ ಇಡಿಸುತ್ತಾರೆ; ತುರ್ತು ಬಾಗಿಲಿನ ಸಾಲಿನಲ್ಲಿ ಇಡುವಂತಿಲ್ಲ. ಬೆನ್ನೊರಗು ಇಲ್ಲದ ಎತ್ತರದ ಪೀಠಗಳು ವಿಮಾನದಲ್ಲಿ ನಡೆಯವು. ಹತ್ತರಿಂದ ಇಪ್ಪತ್ತು ಕಿಲೋ ತೂಕದ, ತಾನಾಗಿ ಕೂರಬಲ್ಲ ಮಗುವಿಗೆ 2006ರಲ್ಲಿ ಒಪ್ಪಿಗೆ ಪಡೆದ ‘ಕೇರ್ಸ್’ ಎಂಬ ಭುಜದ ಪಟ್ಟಿಯೂ ಇದೆ. ಅದು ಕೈಚೀಲದಲ್ಲಿ ಹಿಡಿಯುತ್ತದೆ. ನಿಯಮಗಳು ಸಂಸ್ಥೆಯಿಂದ ಸಂಸ್ಥೆಗೆ ಬೇರೆಯಾದ್ದರಿಂದ ಟಿಕೇಟು ಕೊಳ್ಳುವಾಗಲೇ ಕೇಳಿ ತಿಳಿಯಬೇಕು.

ಸರಕಿನ ಕೋಣೆಗೆ ಹೋಗುವ ತಳ್ಳುಗಾಡಿಗೆ ಹೆಸರು, ವಿಳಾಸ ಕಟ್ಟಿ, ಕಳಚುವ ಭಾಗಗಳನ್ನು ತೆಗೆದಿಟ್ಟುಕೊಳ್ಳಬೇಕು. ಕೈಗೆ ಬಂದೊಡನೆ ಚಕ್ರ, ಬೀಗ ಪರೀಕ್ಷಿಸಬೇಕು. ಮುರಿದಿದ್ದರೆ ನಿಲ್ದಾಣ ಬಿಡುವ ಮುನ್ನವೇ ಹೇಳುವುದು ಮೇಲು. ಭಾರತವೂ 2009ರಲ್ಲಿ ಸೇರಿದ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಹಾನಿಯಾದ ಸಾಮಾನಿಗೆ ಏಳು ದಿನದೊಳಗೆ ಬರಹದಲ್ಲಿ ದೂರು ಕೊಡಬೇಕು. ಸರಕಿನೊಡನೆ ಉರುಳಾಡಿದ ಕಾರ್ ಸೀಟಿನ ಬಿರುಕು ಕಣ್ಣಿಗೆ ಕಾಣದೆಯೂ ಇರಬಹುದು. ಅದನ್ನು ಜೊತೆಗೇ ಇಟ್ಟುಕೊಳ್ಳಬೇಕೆನ್ನಲು ಇದೂ ಒಂದು ಕಾರಣ.

ವಿದೇಶದಲ್ಲಿ ನೆಲೆಸಿದ ಎಷ್ಟೋ ಕನ್ನಡಿಗರು ಮೊಮ್ಮಗುವನ್ನು ಅಜ್ಜಿ ತಾತನಿಗೆ ತೋರಿಸಲು ಬರುತ್ತಾರೆ. ಊರಿನಲ್ಲಿ ಎತ್ತಿಕೊಳ್ಳಲು ಹತ್ತು ಕೈಗಳಿವೆ, ಕಾರ್ ಸೀಟ್ ಯಾಕೆ ಹೊರೆ ಎಂದು ಕೆಲವರು ಅದನ್ನು ಬಿಟ್ಟು ಬರುವುದುಂಟು. ಆದರೆ ದೇವನಹಳ್ಳಿಯಲ್ಲಿ ಇಳಿದು ಬೆಂಗಳೂರಿನತ್ತ ಟ್ಯಾಕ್ಸಿ ಹಿಡಿದೊಡನೆ ಮಗು ಮತ್ತೆ ಯಾರದೋ ತೊಡೆಯ ಮೇಲೆ ಕೂರುತ್ತದೆ. ಇಡೀ ಪ್ರಯಾಣದಲ್ಲಿ ಹೆಚ್ಚು ಅಪಾಯದ ಭಾಗ ಸಾಗರ ದಾಟಿದ ಹಾರಾಟವಲ್ಲ, ಕೊನೆಯ ಆ ರಸ್ತೆ. ನಮ್ಮ ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಆದ ತಿದ್ದುಪಡಿಯಂತೆ ಹದಿನಾಲ್ಕು ವರ್ಷದೊಳಗಿನ ಮಗುವಿಗೆ ಪಟ್ಟಿಯನ್ನೋ ಮಕ್ಕಳ ಆಸನವನ್ನೋ ಹಾಕದಿದ್ದರೆ ಚಾಲಕನಿಗೆ ಸಾವಿರ ರೂಪಾಯಿ ದಂಡ.

ಮಿತ್ರರೇ, ತಳ್ಳುಗಾಡಿಯನ್ನು ಕೊಟ್ಟದ್ದು ವಿಮಾನದ ಚಕ್ರಪಾದ. ಕಾರ್ ಸೀಟಿಗೆ ದಾರಿ ತೋರಿದ್ದು ಗಗನನೌಕೆ. ಆಕಾಶದಿಂದ ಕಲಿತ ಈ ಎರಡು ಪಾಠ ನೆಲದ ಮೇಲಿನ ಮಕ್ಕಳನ್ನು ಕಾಯುತ್ತಿವೆ, ಆಕಾಶದಲ್ಲಿ ಇನ್ನೂ ಐಚ್ಛಿಕವಾಗಿಯೇ ಉಳಿದಿವೆ. ಇದನ್ನು ಸರ್ಕಾರಗಳು ಎಂದು ಇತ್ಯರ್ಥ ಮಾಡುತ್ತವೋ ತಿಳಿಯದು. ಅಲ್ಲಿಯವರೆಗೆ ಆಯ್ಕೆ ತಾಯಿತಂದೆಯರದು. ಮಡಿಲು ಇರುವುದು ಮುದ್ದಿಗೆ, ಊಟಕ್ಕೆ, ನಿದ್ದೆಗೆ. ವಿಮಾನ ಏರುವಾಗ ಮತ್ತು ಇಳಿಯುವಾಗ ಮಗುವಿಗೆ ಬೇಕಾದದ್ದು ಪಟ್ಟಿ.