ಶೇ 80 ಅಂತ ಸುಳ್ಳು ಹೇಳಿದ ನನ್ನ ಡ್ಯಾಶ್‌ಬೋರ್ಡ್

ಪವರ್ ಬಿಐನಲ್ಲಿ ಒಂದು ಪುಟ್ಟ ಡ್ಯಾಶ್‌ಬೋರ್ಡ್ ಮಾಡೋದು ಹೇಗೆ ಅಂತ ಇವತ್ತು ಹೇಳ್ತೀನಿ. ಅದಕ್ಕೂ ಮೊದಲು ನಾನು ಮಾಡಿದ ಎಡವಟ್ಟು ಕೇಳಿ.

2023, ಬರದ ವರ್ಷ. ಆಗಸ್ಟ್ ಕೊನೆ. ಕೆಆರ್‌ಎಸ್‌ನಲ್ಲಿ ನೀರು 100 ಅಡಿ ಆಸುಪಾಸಿಗೆ ಇಳಿದಿತ್ತು. ಮಂಡ್ಯ ಕಡೆ ನಮ್ಮ ಚಿಕ್ಕಪ್ಪನ ಗದ್ದೆಯಲ್ಲಿ ಒಟ್ಲು ಬೆಳೆದು ನಿಂತಿತ್ತು. ನಾಟಿ ಹಾಕೋದೋ ಬೇಡವೋ ಅಂತ ಅವರಿಗೆ ಚಿಂತೆ. ನಾನು ಬೆಂಗಳೂರಲ್ಲಿ ಆಗಷ್ಟೇ ಪವರ್ ಬಿಐ ಕಲಿತಿದ್ದೆ. ಹೊಸ ಹುಮ್ಮಸ್ಸು ನೋಡಿ, ಒಂದೇ ರಾತ್ರಿಯಲ್ಲಿ ಡ್ಯಾಶ್‌ಬೋರ್ಡ್ ಮಾಡಿ, ಸ್ಕ್ರೀನ್‌ಶಾಟ್ ತೆಗೆದು ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ದಪ್ಪ ಅಕ್ಷರದಲ್ಲಿ: ‘ಕೆಆರ್‌ಎಸ್ ಭರ್ತಿ: ಶೇ 80’.

ಬೆಳಿಗ್ಗೆ ಆರಕ್ಕೇ ಚಿಕ್ಕಪ್ಪನ ಫೋನ್. "ಎಂಬತ್ತು ಅಂತ ಹೆಂಗೆ ಹೇಳ್ತೀಯ?"

"100 ಅಡಿ ಇದೆ, ಪೂರ್ತಿ ಮಟ್ಟ 124.80 ಅಡಿ. ಭಾಗಿಸಿದೆ, ಅಷ್ಟೇ."

"ಕನ್ನಂಬಾಡಿ ಕಟ್ಟೆ ಏನು ಡ್ರಮ್ಮೇನ್ಲಾ, ಮೇಲಿಂದ ಕೆಳಗಂಟ ಒಂದೇ ಅಳತೆ ಇರಾಕೆ? ಬೋಗುಣಿ ಕಣ್ಲಾ ಅದು!"

ಲ್ಯಾಪ್‌ಟಾಪ್ ತೆಗೆದು ನೋಡಿದೆ. ಕೆಆರ್‌ಎಸ್‌ನ ಪೂರ್ತಿ ಸಾಮರ್ಥ್ಯ 49.45 ಟಿಎಂಸಿ. 100 ಅಡಿಯಲ್ಲಿ ಇರೋದು ಅದರ ಅರ್ಧಕ್ಕಿಂತ ಕಡಿಮೆ! ನಮ್ಮ ಗ್ರೂಪಿನಲ್ಲಿ ಇನ್ನೂ ನಾಲ್ಕು ಜನ ನಾಟಿಗೆ ಕಾಯ್ತಾ ಇದ್ರು. ಒಬ್ಬೊಬ್ಬರಿಗೂ ಫೋನ್ ಮಾಡಿ ತಪ್ಪು ಅಂತ ಹೇಳೋ ಹೊತ್ತಿಗೆ ಮಧ್ಯಾಹ್ನ ಆಯ್ತು. ಒಬ್ಬರಂತೂ ಆಳುಗಳಿಗೆ ಹೇಳಿಬಿಟ್ಟಿದ್ರು.

ಆ ಸಂಜೆ ಮತ್ತೆ ಮೊದಲಿಂದ ಶುರು ಮಾಡಿದೆ. ಪವರ್ ಬಿಐ ಡೆಸ್ಕ್‌ಟಾಪ್ ಉಚಿತ, ಆದ್ರೆ ವಿಂಡೋಸ್‌ನಲ್ಲಿ ಮಾತ್ರ ಓಡುತ್ತೆ. ಜಲಾಶಯಗಳ ಲೆಕ್ಕವನ್ನ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ದಿನಾ ಕೊಡುತ್ತೆ. ಅದನ್ನ ಎಕ್ಸೆಲ್‌ನಲ್ಲಿ ಒಂದು ದಿನ, ಒಂದು ಜಲಾಶಯ, ಒಂದು ಸಾಲು ಅನ್ನೋ ಹಾಗೆ ಇಟ್ಕೊಳ್ಳಿ. ತಾರೀಕು, ಹೆಸರು, ಮಟ್ಟ, ಸಂಗ್ರಹ, ಸಾಮರ್ಥ್ಯ, ಐದೇ ಕಾಲಂ. ಪ್ರತಿ ಜಲಾಶಯಕ್ಕೂ ಬೇರೆ ಬೇರೆ ಕಾಲಂ ಮಾಡಿದ್ರೆ ಆಮೇಲೆ ಒದ್ದಾಡ್ತೀರಿ. ಪವರ್ ಕ್ವೆರಿಗೆ ಬಂದ ಮೇಲೆ ತಾರೀಕಿನ ಕಡೆ ಕಣ್ಣಿಡಿ. ಸೆಟ್ಟಿಂಗ್ ಅಮೆರಿಕದ್ದಾಗಿದ್ರೆ ನಮ್ಮ ಆಗಸ್ಟ್ 5, ಅಂದ್ರೆ 05-08, ಅದಕ್ಕೆ ಮೇ 8! ಅಲ್ಲಿ ಲೊಕೇಲ್ ಇಂಡಿಯಾ ಅಂತ ಆರಿಸಿ.

ಇನ್ನು ಶೇಕಡಾ. ಮಟ್ಟದಿಂದ ಶೇಕಡಾ ತೆಗೀಲೇಬೇಡಿ. ಲಿಂಗನಮಕ್ಕಿಯ ಪೂರ್ತಿ ಮಟ್ಟ 1819 ಅಡಿ, ಅದು ಸಮುದ್ರ ಮಟ್ಟದಿಂದ ಲೆಕ್ಕ. ನೀರು 1750ಕ್ಕೆ ಇಳಿದರೂ ನನ್ನ ಹಳೇ ಸೂತ್ರ ಶೇ 96 ಭರ್ತಿ ಅಂತಿತ್ತು. ಆಲಮಟ್ಟಿಯದ್ದಂತೂ ಮೀಟರ್.

ಶೇಕಡಾಗಳ ಸರಾಸರಿಯಲ್ಲೂ ಮೋಸ ಇದೆ. ಹಾರಂಗಿ 8.5 ಟಿಎಂಸಿ, ಲಿಂಗನಮಕ್ಕಿ 151.75. ಮೊದಲನೆಯದು ಪೂರ್ತಿ ತುಂಬಿ, ಎರಡನೆಯದು ಶೇ 20 ಇದ್ರೆ ಸರಾಸರಿ ಶೇ 60 ಬರುತ್ತೆ. ನಿಜವಾಗಿ ಎರಡೂ ಸೇರಿ ಇರೋ ನೀರು ಶೇ 24 ಮಾತ್ರ. ಅದಕ್ಕೇ ‘ನ್ಯೂ ಮೆಷರ್’ ಒತ್ತಿ, ಡಿವೈಡ್ ಫಂಕ್ಷನ್‌ನಲ್ಲಿ ಸಂಗ್ರಹದ ಮೊತ್ತವನ್ನ ಸಾಮರ್ಥ್ಯದ ಮೊತ್ತದಿಂದ ಭಾಗಿಸಿ. ಒಂದು ಜಲಾಶಯ ಆರಿಸಿದ್ರೆ ಅದರದ್ದು, ಮೂರು ಆರಿಸಿದ್ರೆ ಮೂರರದ್ದೂ ಸೇರಿ, ಸರಿಯಾದ ಉತ್ತರ ಬರುತ್ತೆ.

ಉಳಿದದ್ದು ಸುಲಭ. ಜಲಾಶಯ ಆರಿಸೋಕೆ ಒಂದು ಸ್ಲೈಸರ್, ಇವತ್ತಿನ ಸಂಖ್ಯೆಗೆ ಒಂದು ಕಾರ್ಡ್, ದಿನದಿನದ ಏರಿಳಿತಕ್ಕೆ ಒಂದು ಲೈನ್ ಚಾರ್ಟ್. ಬಣ್ಣದ ಮೀಟರ್ ಮುಳ್ಳು ಚೆನ್ನಾಗಿ ಕಾಣುತ್ತೆ, ನಾನು ತೆಗೆದುಹಾಕಿದೆ. ನೀರು ಏರ್ತಾ ಇದೆಯೋ ಇಳೀತಾ ಇದೆಯೋ ಅಂತ ಅದು ಹೇಳಲ್ಲ.

ಭಾನುವಾರ ಊರಿಗೆ ಹೋಗಿ ಚಿಕ್ಕಪ್ಪನ ಮುಂದೆ ಲ್ಯಾಪ್‌ಟಾಪ್ ಇಟ್ಟೆ. ಕೆಆರ್‌ಎಸ್ ಒತ್ತಿದ್ರು, ಗೆರೆ ಇಳಿಯೋದನ್ನ ನೋಡಿದ್ರು, ಕಬಿನಿ ಒತ್ತಿದ್ರು. ಏನೂ ಮಾತಾಡಲಿಲ್ಲ. ಆ ವರ್ಷ ಬೋರ್‌ವೆಲ್ ನಂಬಿ ಅರ್ಧ ಗದ್ದೆಗೆ ಮಾತ್ರ ನಾಟಿ ಹಾಕಿದ್ರು, ಉಳಿದದ್ದಕ್ಕೆ ಹುರುಳಿ ಚೆಲ್ಲಿದ್ರು.

ಹೊರಡುವಾಗ ಒಂದೇ ಪ್ರಶ್ನೆ ಕೇಳಿದ್ರು: "ಇದು ಯಾವತ್ತಿನ ಲೆಕ್ಕ ಅಂತ ಎಲ್ಲಿ ಬರೆದಿದ್ದೀಯ?" ಬರೆದಿರಲಿಲ್ಲ. ಬಸ್ಸಿನಲ್ಲಿ ಕೂತೇ ಎರಡನೇ ಕಾರ್ಡ್ ಸೇರಿಸಿದೆ, ಕೊನೆಯ ತಾರೀಕು ತೋರಿಸೋದು. ಈಗ ನಾನು ಮಾಡೋ ಪ್ರತಿ ಡ್ಯಾಶ್‌ಬೋರ್ಡ್‌ನಲ್ಲೂ ಅದು ಎಡಗಡೆ ಮೇಲೇ ಇರುತ್ತೆ.