ಒಂದು ಮನೆತನದ ವ್ಯೋಮಕಾಯಕ
(ಶ್ರೀಮಠದ ಮಹೋತ್ಸವದ ವಿದ್ವತ್ಸಭೆಯಲ್ಲಿ ಮಾಡಿದ ಉಪನ್ಯಾಸ)

 

ವ್ಯಾಕರಣವನ್ನೂ ಪಂಚಾಂಗಗಣಿತವನ್ನೂ ಓದಿ ಓದಿಸಿದ ನಾನು ಈ ಹೊತ್ತು ಜರ್ಮನಿ ದೇಶದ ಉಪಗ್ರಹಗಳ ವಿಷಯವನ್ನು ಅರಿಕೆಮಾಡಲು ನಿಂತಿರುವುದನ್ನು ಕಂಡು ಕೆಲವರಿಗೆ ನಗೆಯುಂಟಾಗಬಹುದು. ಇದಕ್ಕೆ ಕಾರಣನು ನಮ್ಮ ಪಾಠಶಾಲೆಯ ಒಬ್ಬ ವಟು. “ಕಾಯಕವು ಹುಟ್ಟಿನಿಂದ ಬರುವುದಲ್ಲವೆಂದು ಹೇಳಿಕೊಡುತ್ತೀರಿ, ಹಾಗಾದರೆ ತಂದೆಯ ಉದ್ಯೋಗವನ್ನು ಮಗನು ಹಿಡಿದರೆ ಅದು ಕಾಯಕವೋ ಬರಿಯ ಆಸ್ತಿಯೋ, ಶಾಸ್ತ್ರಿಗಳೇ?” ಎಂದು ಅವನು ಕೇಳಿದನು. ಅದಕ್ಕೆ ಆಗ ನನ್ನಲ್ಲಿ ಸಿದ್ಧವಾದ ಉತ್ತರವಿರಲಿಲ್ಲ. ಮುಂದೆ ಓ.ಹೆಚ್.ಬಿ. ಎಂಬ ಸಂಸ್ಥೆಯ ಚರಿತ್ರೆಯನ್ನು ಓದುವಾಗ ಆ ಪ್ರಶ್ನೆಯೇ ಮತ್ತೆ ಮತ್ತೆ ನೆನಪಾಯಿತು.

ಜರ್ಮನಿಯ ಉತ್ತರಭಾಗದಲ್ಲಿ ಬ್ರೆಮೆನ್ ಎಂಬ ಬಂದರು ಪಟ್ಟಣವಿದೆ. ಅಲ್ಲಿ ಹಡಗುಗಳ ಯಂತ್ರಭಾಗಗಳನ್ನು ದುರಸ್ತಿಮಾಡುತ್ತಿದ್ದ ಒಂದು ಸಣ್ಣ ಕಾರ್ಖಾನೆಯನ್ನು 1981ರಲ್ಲಿ ಕ್ರಿಸ್ತಾ ಫುಕ್ಸ್ ಎಂಬ ಗೃಹಿಣಿಯು ವಹಿಸಿಕೊಂಡಳು. ಕೆಲಸಗಾರರು ಐದೇ ಮಂದಿ. ಆಕೆಯ ಪತಿ ಮಾನ್‌ಫ್ರೆಡ್ ಫುಕ್ಸ್ ದಕ್ಷಿಣ ಟಿರೋಲಿನ ಪರ್ವತಪ್ರದೇಶದ ಲಾಚ್ ಎಂಬ ಊರಿನವನು. ವಿಮಾನಶಾಸ್ತ್ರವನ್ನು ಕಲಿತು, ಅದೇ ಬ್ರೆಮೆನ್ನಿನ ದೊಡ್ಡದೊಂದು ವ್ಯೋಮಸಂಸ್ಥೆಯಲ್ಲಿ ಉನ್ನತ ಹುದ್ದೆಯಲ್ಲಿದ್ದವನು. ಅವನು ಆ ಹುದ್ದೆಯನ್ನು ಬಿಟ್ಟು 1985ರಲ್ಲಿ ಹೆಂಡತಿಯ ಕಾರ್ಖಾನೆಯನ್ನು ಸೇರಿದನು. ಸಣ್ಣ ಉಪಗ್ರಹಗಳನ್ನು ಕಡಮೆ ವೆಚ್ಚದಲ್ಲಿ ಕಟ್ಟಬಹುದೆಂಬುದು ಅವನ ನಂಬುಗೆ. ಹೀಗೆ ಹೆಂಡತಿಯು ಹಾಕಿದ ನೆಲೆಯ ಮೇಲೆ ಗಂಡನು ಗೋಡೆಯನ್ನೆಬ್ಬಿಸಿದನು. ಶರಣೆಯರ ಕಾಯಕದ ಕಥೆಗಳನ್ನು ಕೇಳಿ ಬೆಳೆದ ನಮಗೆ ಇದೇನೂ ಸೋಜಿಗವಲ್ಲ.

ಇವರ ಮಗ ಮಾರ್ಕೋ ಓದಿದ್ದು ನ್ಯಾಯಶಾಸ್ತ್ರ. ನ್ಯೂಯಾರ್ಕ್, ಫ್ರಾಂಕ್‌ಫರ್ಟ್ ನಗರಗಳಲ್ಲಿ ವಕೀಲನಾಗಿದ್ದು 1995ರಲ್ಲಿ ಮನೆಯ ಸಂಸ್ಥೆಗೆ ಬಂದನು, 2000ದಲ್ಲಿ ಅದರ ಮುಖ್ಯಸ್ಥನಾದನು. ಮರುವರ್ಷವೇ ಸಂಸ್ಥೆಯ ಪಾಲುಪತ್ರಗಳು ಪೇಟೆಗೆ ಬಂದವು. 2006ರಿಂದ 2008ರವರೆಗೆ ಜರ್ಮನ್ ಸೈನ್ಯಕ್ಕಾಗಿ ಇವರು ಕಟ್ಟಿದ ‘ಸಾರ್-ಲೂಪೆ’ ಎಂಬ ಐದು ಉಪಗ್ರಹಗಳು ಮೇಲೇರಿದವು. ಅವು ಮೋಡದಲ್ಲಿಯೂ ಕತ್ತಲೆಯಲ್ಲಿಯೂ ನೆಲವನ್ನು ಕಾಣಬಲ್ಲವು. ದಯೆಯನ್ನು ಬೋಧಿಸುವ ಈ ವೇದಿಕೆಯಿಂದ ಬೇಹುಗಾರಿಕೆಯ ಕಣ್ಣುಗಳನ್ನು ನಾನು ಕೊಂಡಾಡಲಾರೆನು. ಸಂಸ್ಥೆಯು ದೊಡ್ಡದಾದದ್ದು ಬಹುಮಟ್ಟಿಗೆ ಅವುಗಳಿಂದಲೇ ಎಂಬುದನ್ನು ಮರೆಮಾಚಲೂ ಆರೆನು.

ಇನ್ನು ಗೆಲಿಲಿಯೋ ಎಂಬ ಯುರೋಪಿನ ದಾರಿತೋರುವ ವ್ಯವಸ್ಥೆಯ ವಿಚಾರ. ಅದರ 34 ಉಪಗ್ರಹಗಳನ್ನು ಕಟ್ಟುವ ಕೆಲಸವು ಈ ಮನೆತನದ ಪಾಲಿಗೆ ಬಂದಿತು. ಒಂದೊಂದರ ತೂಕ ಸುಮಾರು 700 ಕಿಲೋಗ್ರಾಂ. ಒಂದೊಂದರಲ್ಲಿಯೂ ಅತ್ಯಂತ ಸೂಕ್ಷ್ಮವಾದ ಪರಮಾಣು ಗಡಿಯಾರಗಳು. ನಾವು ಗಳಿಗೆಬಟ್ಟಲನ್ನು ನೀರಿನಲ್ಲಿ ಬಿಟ್ಟು ಕಾಲವನ್ನಳೆದ ಪರಂಪರೆಯವರು; ನಮ್ಮ ಗಳಿಗೆಯೆಂದರೆ 24 ನಿಮಿಷ. ಅಲ್ಲಿಯಾದರೋ ಒಂದು ಸೆಕೆಂಡನ್ನು ಹತ್ತು ಲಕ್ಷ ಪಾಲುಮಾಡಿ, ಅದರಲ್ಲಿ ಒಂದೇ ಪಾಲು ತಪ್ಪಿದರೂ ಬೆಳಕು ಅಷ್ಟರಲ್ಲಿ 300 ಮೀಟರು ಓಡಿಬಿಡುವುದರಿಂದ, ದಾರಿಗನಿಗೆ ತೋರಿಸುವ ಎಡೆಯೂ ಅದೇ ಪ್ರಮಾಣದಲ್ಲಿ ತಪ್ಪುತ್ತದೆ.

2014ನೆಯ ವರ್ಷವು ಆ ಮನೆಗೆ ಕಠಿನವಾಯಿತು. ಏಪ್ರಿಲಿನಲ್ಲಿ ಮಾನ್‌ಫ್ರೆಡ್ ಫುಕ್ಸ್ ತೀರಿಕೊಂಡನು. ಆಗಸ್ಟ್ 22ರಂದು ಇವರು ಕಟ್ಟಿದ ಮೊದಲ ಎರಡು ಗೆಲಿಲಿಯೋ ಉಪಗ್ರಹಗಳು ಸೋಯುಜ್ ರಾಕೆಟ್ಟಿನಲ್ಲಿ ಹೊರಟು ದಾರಿತಪ್ಪಿದವು. ರಾಕೆಟ್ಟಿನ ಮೇಲಣ ಹಂತದಲ್ಲಿ ಇಂಧನದ ಕೊಳವೆಯು ಅತಿಶೀತವಾದ ಹೀಲಿಯಂ ಕೊಳವೆಗೆ ತಾಗಿಕೊಂಡಂತೆ ಇದ್ದುದರಿಂದ ಇಂಧನವು ಹೆಪ್ಪುಗಟ್ಟಿತ್ತು. ಉಪಗ್ರಹವನ್ನು ಕಟ್ಟಿದವರದು ಇದರಲ್ಲಿ ಏನೂ ತಪ್ಪಿಲ್ಲ. ಆದರೆ ಸುಮಾರು 23,200 ಕಿಲೋಮೀಟರು ಎತ್ತರದಲ್ಲಿ ವೃತ್ತಾಕಾರವಾಗಿ ಸುತ್ತಬೇಕಾದವು ಒಂದು ಕಡೆ 25,900, ಇನ್ನೊಂದು ಕಡೆ 13,700 ಕಿಲೋಮೀಟರಿನ ನೀಳವಾದ ಪಥದಲ್ಲಿ ಸಿಕ್ಕಿಕೊಂಡವು.

ಅವುಗಳನ್ನು ಹಾಗೆಯೇ ಕೈಬಿಡಲಿಲ್ಲ. ಉಪಗ್ರಹದೊಳಗಿನ ಅಲ್ಪ ಇಂಧನದಿಂದಲೇ ಒಂದನ್ನು 17 ದಿನಗಳಲ್ಲಿ 11 ಸಲ ತಳ್ಳಿ, ಪಥದ ಕೆಳಗಿನ ಕೊನೆಯನ್ನು ಸುಮಾರು 3,500 ಕಿಲೋಮೀಟರು ಮೇಲೆತ್ತಿದರು, ಇನ್ನೊಂದನ್ನು ಮರುವರ್ಷ. ಪಥವು ಆಗಲೂ ಪೂರ್ಣವೃತ್ತವಾಗಲಿಲ್ಲ. ಇಲ್ಲಿಯೇ ನನಗೆ ಅತ್ಯಂತ ಹಿಡಿಸಿದ ಸಂಗತಿಯಿರುವುದು. ಭೂಮಿಗೆ ಸಮೀಪವಾದಷ್ಟೂ ಗಡಿಯಾರವು ನಿಧಾನವಾಗಿಯೂ ದೂರವಾದಷ್ಟೂ ತ್ವರಿತವಾಗಿಯೂ ನಡೆಯುವುದೆಂದು ಐನ್‌ಸ್ಟೈನನ ಸಿದ್ಧಾಂತ. ದಿನಕ್ಕೆ ಎರಡು ಸಲ ಸುಮಾರು 8,500 ಕಿಲೋಮೀಟರು ಏರಿ ಇಳಿಯುವ ಈ ದಾರಿತಪ್ಪಿದ ಗಡಿಯಾರಗಳಿಗಿಂತ ಒಳ್ಳೆಯ ಒರೆಗಲ್ಲು ಅದಕ್ಕೆ ಎಲ್ಲಿ ದೊರೆಯಬೇಕು? ಪ್ಯಾರಿಸ್ಸಿನ ಮತ್ತು ಅದೇ ಬ್ರೆಮೆನ್ನಿನ ವಿದ್ವಾಂಸರು ಅವನ್ನು ಲೆಕ್ಕವಿಟ್ಟು ನೋಡಿ, 1976ರ ಪ್ರಯೋಗಕ್ಕಿಂತ ಸುಮಾರು ಐದು ಪಟ್ಟು ಸೂಕ್ಷ್ಮವಾಗಿ ಆ ಸಿದ್ಧಾಂತವು ನಿಜವೆಂದು 2018ರಲ್ಲಿ ಪ್ರಕಟಿಸಿದರು. ಸರಿಯಾದ ಪಥದಲ್ಲಿ ನಿಂತಿದ್ದರೆ ಅವುಗಳಿಂದ ಈ ಕಾರ್ಯವಾಗುತ್ತಿರಲಿಲ್ಲ.

2023ರಲ್ಲಿ ಅಮೆರಿಕದ ಬಂಡವಾಳ ಸಂಸ್ಥೆಯೊಂದಕ್ಕೆ ಪಾಲುಕೊಡಲು ಈ ಮನೆತನವು ಒಪ್ಪಿತು. ಆದರೂ ಹೆಚ್ಚಿನ ಪಾಲನ್ನು ತನ್ನಲ್ಲಿಯೇ ಉಳಿಸಿಕೊಂಡಿತು. 2024ರ ಅಕ್ಟೋಬರ್ 7ರಂದು ಇವರು ಕಟ್ಟಿದ ‘ಹೇರಾ’ ನೌಕೆಯು ಡಿಮಾರ್ಫಸ್ ಎಂಬ ಕ್ಷುದ್ರಗ್ರಹವನ್ನರಸಿ ಹೊರಟಿತು. ಭೂಮಿಯ ಮೇಲೆರಗುವ ಬಂಡೆಯನ್ನು ದಾರಿಬಿಡಿಸಬಹುದೇ ಎಂದು ನೋಡಲು ಅಮೆರಿಕದವರು 2022ರಲ್ಲಿ ಗುದ್ದಿದ ಪುಟ್ಟ ಕಲ್ಲುಗ್ರಹವದು. ಆ ಗುದ್ದಿನ ಗಾಯವನ್ನು ಪರಿಶೀಲಿಸುವುದು ಹೇರಾದ ಕೆಲಸ.

ಆ ವಟುವಿನ ಪ್ರಶ್ನೆಗೆ ಈಗ ನನ್ನ ಅಭಿಪ್ರಾಯವಿಷ್ಟು. ಪಾಲುಪತ್ರಗಳು ಮಾರ್ಕೋವಿಗೆ ಹುಟ್ಟಿನಿಂದ ಬಂದವು. ಅದು ಆಸ್ತಿಯೇ, ಅಲ್ಲವೆನ್ನಲಾರೆನು. ತಂದೆ ಹೋದ ನಾಲ್ಕನೆಯ ತಿಂಗಳಿನಲ್ಲಿ ಎರಡು ಉಪಗ್ರಹಗಳು ದಾರಿತಪ್ಪಿದ ಮೇಲೆಯೂ ಮೂರನೆಯದನ್ನು ಕಟ್ಟಲು ಕುಳಿತುದನ್ನು ಯಾವ ದಸ್ತಾವೇಜೂ ಅವನ ಹೆಸರಿಗೆ ಬರೆದುಕೊಟ್ಟಿರಲಿಲ್ಲ. ವಟುವು ಒಪ್ಪುವನೋ ಇಲ್ಲವೋ ಅವನಿಗೆ ಬಿಟ್ಟದ್ದು.

ಕೊನೆಗೆ ಒಂದು ಮಾತು ಉಳಿದಿದೆ. ಅದೇ 2014ರ ಅಕ್ಟೋಬರಿನಲ್ಲಿ, ಮನೆತನದ ಲಕ್ಸಂಬರ್ಗಿನ ಶಾಖೆಯವರು ತೀರಿಹೋದ ಮಾನ್‌ಫ್ರೆಡ್ಡನ ನೆನಪಿಗಾಗಿ 14 ಕಿಲೋಗ್ರಾಂ ತೂಕದ ಪುಟ್ಟ ಯಂತ್ರವನ್ನು ಕಟ್ಟಿ, ಚೀನಾ ದೇಶದ ರಾಕೆಟ್ಟಿನ ಕೊನೆಯ ಹಂತಕ್ಕೆ ಬಿಗಿದು ಕಳುಹಿಸಿದರು. ಅದು 28ರಂದು ಚಂದ್ರನ ಪಕ್ಕದಲ್ಲಿ ಹಾದುಹೋಯಿತು. ಹವ್ಯಾಸಕ್ಕಾಗಿ ರೇಡಿಯೋ ಇಟ್ಟುಕೊಂಡಿದ್ದ ಜನರು ಅದರ ಸಣ್ಣ ದನಿಯನ್ನು ಹಲವು ದೇಶಗಳಲ್ಲಿ ಕೇಳಿದರು. ಮುಂದೆ ಅದರ ವಿದ್ಯುತ್ತು ಮುಗಿದು ದನಿಯಡಗಿತು. 2022ರ ಮಾರ್ಚ್ 4ರಂದು ಒಂದು ರಾಕೆಟ್ಟಿನ ತುಂಡು ಚಂದ್ರನ ಹಿಂಬದಿಗೆ ಅಪ್ಪಳಿಸಿತು. ಅದು ಈ ರಾಕೆಟ್ಟಿನದೇ ಎಂದು ಖಗೋಳಜ್ಞರು ಲೆಕ್ಕದಿಂದ ನಿರ್ಣಯಿಸಿದ್ದಾರೆ. ಲಿಂಗೈಕ್ಯರಾದವರಿಗೆ ನಾವು ಗದ್ದುಗೆ ಕಟ್ಟಿ ದೀಪ ಹಚ್ಚುತ್ತೇವೆ. ಟಿರೋಲಿನ ಆ ಮನುಷ್ಯನ ಹೆಸರಿನ ಗುರುತು ಚಂದ್ರನಲ್ಲಿ ಒಂದಕ್ಕೊಂದು ಅಂಟಿಕೊಂಡ ಎರಡು ಕುಳಿಗಳ ನಡುವೆ ಬಿದ್ದಿದೆ. ಅಮೆರಿಕದ ಉಪಗ್ರಹವೊಂದು ಮೇಲಿನಿಂದ ಅವುಗಳ ಚಿತ್ರವನ್ನು ತೆಗೆದಿದೆ.